ಚೆನ್ನಮ್ಮ ಕೊಟ್ಟ ನೆಲದಲ್ಲಿ

ದೇವನೂರಿನ ಲಕ್ಷ್ಮೀಕಾಂತನಿಗೆ ಕೈಮುಗಿದು ಹೊರಟವನು ಕಡೂರು, ಚಿಕ್ಕಮಗಳೂರು, ಕೊಟ್ಟಿಗೆಹಾರ ಹಾದು ಚಾರ್ಮಾಡಿ ಘಾಟಿ ಇಳಿದೆ. ನಮ್ಮ ಕಡೆಯವರು ಮಂಗಳೂರಿಗೆ ಹೋಗುವುದು ಕಡಲು ನೋಡಲು. ನಾನು ಹೋದದ್ದು ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯ ಸ್ಮಶಾನಕ್ಕೆ, ನವೆಂಬರ್ 2ರಂದು. ಕ್ಯಾಥೊಲಿಕರು ತೀರಿಹೋದವರನ್ನೆಲ್ಲ ನೆನೆಯುವ ದಿನ ಅದು.

ಈ ಇಗರ್ಜಿಯನ್ನು 1680ರಲ್ಲಿ ಕಟ್ಟಿಸಿದವರು ಬಿಷಪ್ ತೋಮಸ್ ದೆ ಕಾಸ್ತ್ರೊ. ಜಾಗ ಕೊಟ್ಟದ್ದು ಕೆಳದಿಯ ರಾಣಿ ಚೆನ್ನಮ್ಮ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಅದೇ ಮಹಾತಾಯಿ. ಕಾಸ್ತ್ರೊ ಅವರನ್ನು ನೇಮಿಸಿದ್ದು ರೋಮ್. ಗೋವಾದ ಪೋರ್ಚುಗೀಸರಿಗೆ ಅದು ಒಪ್ಪಿಗೆಯಾಗಲಿಲ್ಲ. ಕಾಸ್ತ್ರೊ 1684ರಲ್ಲಿ ತೀರಿಕೊಂಡು ಇಲ್ಲೇ ಮಣ್ಣಾದರು. ನೂರು ವರ್ಷಕ್ಕೆ, 1784ರಲ್ಲಿ, ಟಿಪ್ಪುವಿನ ಆಳ್ವಿಕೆಯಲ್ಲಿ ಇಗರ್ಜಿ ನೆಲಸಮವಾಯಿತು, ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. 1799ರ ನಂತರ ಬದುಕುಳಿದು ಮರಳಿದವರು ಮತ್ತೆ ಕಟ್ಟಿಕೊಂಡರು.

ಗೋರಿಗಳ ನಡುವೆ ಜನ ತುಂಬಿದ್ದರು. ಕಳೆ ಕಿತ್ತು, ಕಲ್ಲು ತೊಳೆದು, ಸೇವಂತಿಗೆ ಹರಡಿ, ಮೇಣದ ಬತ್ತಿ ಹಚ್ಚುತ್ತಿದ್ದರು. ಪಾದ್ರಿಗಳು ಪವಿತ್ರ ಜಲ ಚಿಮುಕಿಸುತ್ತ ಸಾಲು ಸಾಲಾಗಿ ನಡೆದರು. ಒಂದು ಗೋರಿಯ ಬಳಿ ಕೂತಿದ್ದ ವೃದ್ಧೆ, "ಎಲ್ಲಿಯವರು ನೀವು?" ಅಂದರು. ಊರು ಹೇಳಿದೆ. "ಇಲ್ಲಿ ನಮ್ಮ ಯಜಮಾನರು. ಅವರ ಕೆಳಗೆ ನಮ್ಮ ಮಾವ" ಎಂದು ಕಲ್ಲು ಸವರಿದರು. ಮನೆತನದ ಒಂದೇ ಗುಂಡಿಯನ್ನು ವರ್ಷಗಳ ನಂತರ ಮತ್ತೆ ತೆರೆಯುವುದು ಇಲ್ಲಿನ ರೂಢಿ. ಪೆಟ್ಟಿಗೆ ಇಳಿಸಿದ ಮೇಲೆ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಏಳನೆಯ ದಿನ, ತಿಂಗಳಿಗೆ ಪೂಜೆ ಇರುತ್ತದೆ. ರೋಮ್ 1963ರಲ್ಲಿ ದಹನಕ್ಕೂ ಅನುಮತಿ ಕೊಟ್ಟಿತು, ಆದರೂ ಜನ ಮಣ್ಣನ್ನೇ ಬಯಸುತ್ತಾರೆ.

ನನಗೆ ಅದು ಪರಕೀಯವೆನಿಸಲಿಲ್ಲ. ನಮ್ಮ ಕಡೂರು ಸೀಮೆಯ ಲಿಂಗಾಯತರೂ ಹೂಳುವವರೇ. ಕೂರಿಸಿ, ಕೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ತುಂಬಿ ಮಣ್ಣು ಮಾಡುತ್ತಾರೆ. ಇಲ್ಲಿ ಮಲಗಿಸುತ್ತಾರೆ. ಕಲ್ಲುಗಳ ಮೇಲಿನ ಕೊಂಕಣಿಯೂ ಕನ್ನಡ ಲಿಪಿಯಲ್ಲೇ ಇರುವುದರಿಂದ ಹೆಸರುಗಳನ್ನು ಸರಾಗವಾಗಿ ಓದುತ್ತ ಹೋದೆ.

ಹಳೆಯ ಕೆಲವು ಕಲ್ಲುಗಳ ಅಕ್ಷರ ಮಳೆಗೆ ಸವೆದುಹೋಗಿದೆ. ಶಾಸನಗಳನ್ನು ಅಷ್ಟು ಶ್ರದ್ಧೆಯಿಂದ ಓದಿ ಅಚ್ಚು ಹಾಕಿಸಿದ ನಾಡು ನಮ್ಮದು. ಈ ಗೋರಿಕಲ್ಲುಗಳೂ ಕರಾವಳಿಯ ಚರಿತ್ರೆಯ ಪುಟಗಳೇ. ಮಂಗಳೂರಿನ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳು ಪಾದ್ರಿಗಳ ಅನುಮತಿ ಪಡೆದು, ಉಳಿದಿರುವ ಬರಹಗಳನ್ನಾದರೂ ಬೇಗ ನಕಲು ಮಾಡಿಕೊಳ್ಳಬೇಕು.