ಎರಡು ಕಿಲೋ ಉಡುಗೊರೆ

ಬೀಳ್ಕೊಡುವ ಸಮಾರಂಭಕ್ಕೆ ನಮ್ಮ ಶಾಲೆಗಳಲ್ಲಿ ಒಂದು ಸಿದ್ಧ ಪದ್ಧತಿಯಿದೆ. ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ, ಕೊನೆಗೆ ಚೌಕಟ್ಟು ಹಾಕಿಸಿದ ಮಾನಪತ್ರ. ಪಡೆದವರ ಮನೆಯ ಕಪಾಟಿನಲ್ಲಿ ಶಾಲಿನ ಮೇಲೆ ಶಾಲು ಏರುತ್ತಾ ಹೋಗುತ್ತದೆ. ಇದನ್ನು ನಾನು ಆಕ್ಷೇಪಿಸುತ್ತಿಲ್ಲ. ಗೌರವ ತೋರಿಸಲು ಏನಾದರೊಂದು ರೀತಿ ಬೇಕಲ್ಲ. ಆದರೆ ಹೊರಟವರು ಪಕ್ಕದ ತಾಲೂಕಿಗೆ ವರ್ಗವಾದವರಲ್ಲ, ಬಂದೂಕು ಹಿಡಿದು ಕಾವಲು ಕಾಯಲು ಸಮುದ್ರದಾಚೆಗೆ ಹೋಗುವವರು ಎಂದಾಗ ಏನು ಕೊಡಬೇಕು? 2022ರಲ್ಲಿ ಈ ಪ್ರಶ್ನೆ ನಮ್ಮ ಸ್ಟಾಫ್ ರೂಮಿನಲ್ಲಿ ಎದ್ದಿತು.

ನಮ್ಮದು ಸೈನಿಕ ಶಿಸ್ತಿನ ವಸತಿ ಶಾಲೆ. ಮಕ್ಕಳಿಗೆ ಕವಾಯತು ಕಲಿಸಲು ಸೇನೆಯಿಂದ ಹವಾಲ್ದಾರರು ಬರುತ್ತಾರೆ. ಎರಡು ಮೂರು ವರ್ಷ ನಮ್ಮೊಡನೆ ಚಹಾ ಕುಡಿದು, ಮತ್ತೆ ತಮ್ಮ ಪಲ್ಟನ್ನಿಗೆ ಮರಳುತ್ತಾರೆ. ಆ ವರ್ಷ ಹೊರಟ ಹವಾಲ್ದಾರರು ಗದಗ ಕಡೆಯವರು. ಹೆಚ್ಚು ಮಾತಿಲ್ಲ. ಪ್ರವಾಸಕ್ಕೆ ಹೋದಾಗ ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಹುಡುಗನ ಬಾಯಿ ತೊಳೆಸುವುದರಿಂದ ಹಿಡಿದು ಸ್ವಾತಂತ್ರ್ಯ ದಿನದ ಕಂಬ ನೆಡುವವರೆಗೆ ಎಲ್ಲಕ್ಕೂ ಅವರೇ ಬೇಕು. ಅವರ ಪಲ್ಟನ್ನು ವಿಶ್ವಸಂಸ್ಥೆಯ ಶಾಂತಿಪಾಲನೆಗಾಗಿ ಒಂದು ವರ್ಷ ದಕ್ಷಿಣ ಸುಡಾನಿಗೆ ಹೋಗುವುದೆಂದು ಆದೇಶ ಬಂದಿತ್ತು.

ನಾನು ಇತಿಹಾಸದ ಶಿಕ್ಷಕಿಯಾದ್ದರಿಂದ ಎಲ್ಲರೂ ನನ್ನತ್ತ ತಿರುಗಿದರು. ಹೇಳಿದೆ: ದಕ್ಷಿಣ ಸುಡಾನ್ 2011ರ ಜುಲೈ 9ರಂದು ಸ್ವತಂತ್ರವಾದ ದೇಶ. ಆಗಿನಿಂದಲೇ ಅಲ್ಲಿ ವಿಶ್ವಸಂಸ್ಥೆಯ ಪಡೆಯಿದೆ, ಅದರಲ್ಲಿ ನಮ್ಮವರ ಸಂಖ್ಯೆ ದೊಡ್ಡದು. ನಮ್ಮ ನಾಡಿನವರಿಗೆ ಈ ನೀಲಿ ಟೋಪಿ ಹೊಸದೇನಲ್ಲ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದಾಗಲೇ, 1965ರ ಡಿಸೆಂಬರಿನಲ್ಲಿ, ತೀರಿಕೊಂಡರು.

ವಂತಿಗೆ ಕೂಡಿಸಿದೆವು. ಒಬ್ಬರು ಬೆಳ್ಳಿಯ ಗಣಪತಿ ಎಂದರು, ಇನ್ನೊಬ್ಬರು ಸೂಟ್‌ಕೇಸು, ಮತ್ತೊಬ್ಬರು ದೊಡ್ಡ ಚಾಕು. ಸೈನಿಕನಿಗೆ ನಾವು ಚಾಕು ಕೊಡುವುದು ಅಕ್ಕಸಾಲಿಗನಿಗೆ ಬಂಗಾರ ತೂಗಿ ತೋರಿಸಿದಂತೆ ಅನ್ನಿಸಿತು ನನಗೆ. ಅವರನ್ನೇ ಕೇಳಿದರೆ ಆಯಿತಲ್ಲ ಎಂದೆ. ಉಡುಗೊರೆ ಮುಚ್ಚಿಟ್ಟು ಕೊಟ್ಟರೇ ಚೆಂದ ಎನ್ನುವವರಿದ್ದಾರೆ. ಹುಟ್ಟುಹಬ್ಬಕ್ಕೆ ಅದು ಸರಿ. ವರ್ಷವಿಡೀ ಬೆನ್ನ ಮೇಲೆ ಹೊರಬೇಕಾದ ವಸ್ತುವನ್ನು ಹೊರುವವರನ್ನು ಕೇಳದೆ ಕೊಳ್ಳಬಾರದು.

ಹವಾಲ್ದಾರರು ಮೊದಲು ನಾಚಿ ಏನೂ ಬೇಡ ಎಂದರು. ಬಿಡದೆ ಕೇಳಿದಾಗ ಹೇಳಿದರು: “ಅಕ್ಕಾರ, ಬೂಟು, ಹೆಲ್ಮೆಟ್ಟು, ಸೊಳ್ಳಿ ಪರದೆ, ಊಟ ಎಲ್ಲಾ ಸರಕಾರ ಕೊಡತೈತ್ರಿ. ಅದನ್ನ ಮತ್ತ ನೀವು ಕೊಡಬ್ಯಾಡ್ರಿ. ಸಣ್ಣ ಸಣ್ಣವು ಇರಲಿ. ಎರಡು ಕಿಲೋ ದಾಟಬಾರದು ನೋಡ್ರಿ.”

ಆ ಎರಡು ಕಿಲೋ ನಮ್ಮ ಸ್ಟಾಫ್ ರೂಮಿನ ತಕ್ಕಡಿಯಾಯಿತು. ವಿಜ್ಞಾನದ ಪ್ರಯೋಗಶಾಲೆಯಿಂದ ನಿಜವಾದ ತಕ್ಕಡಿಯೂ ಬಂತು. ಮೊದಲು ಅಲ್ಲಿಯ ನೆಲ ಹೇಗಿದೆಯೆಂದು ತಿಳಿದುಕೊಂಡೆವು. ಅವರು ಹೋಗಬೇಕಿದ್ದುದು ಬಿಳಿ ನೈಲ್ ದಂಡೆಯ ಮಲಾಕಲ್ ಕಡೆಗೆ. ಆ ಬಯಲಿನದು ನಮ್ಮ ಎರೆಭೂಮಿಯಂಥದೇ ಕಪ್ಪು ಜಿಗುಟು ಮಣ್ಣು. ಮೇ ತಿಂಗಳಿಂದ ಅಕ್ಟೋಬರಿನವರೆಗೆ ಮಳೆ. ಮಳೆಯಾದ ಮೇಲೆ ಎರೆಹೊಲದಲ್ಲಿ ನಡೆದವರಿಗೆ ಗೊತ್ತು, ಹೆಜ್ಜೆಗೆ ಒಂದೊಂದು ಸೇರು ಮಣ್ಣು ಕಾಲಿಗೆ ಅಂಟುತ್ತದೆ. ಹಾಗಾಗಿ ಮೊದಲನೆಯದು ಕಾಲುಚೀಲ, ಆರು ಜೊತೆ. ಬರೀ ಹತ್ತಿಯದು ಒದ್ದೆಯಾದರೆ ಬೇಗ ಒಣಗುವುದಿಲ್ಲ, ಬೆರಳ ಸಂದಿ ಕೊಳೆಯುತ್ತದೆ. ಬೇಗ ಒಣಗುವ ಮಿಶ್ರ ನೂಲಿನದನ್ನೇ ಕೊಂಡೆವು. ಜೊತೆಗೆ ಕಾಲಿಗೆ ಹಚ್ಚುವ ಪುಡಿ, ಹತ್ತು ಮೀಟರ್ ನೈಲಾನ್ ಹಗ್ಗ, ಒಂದು ಡಜನ್ ಬಟ್ಟೆ ಕ್ಲಿಪ್ಪು.

ಎರಡನೆಯದು ತಲೆಗೆ ಕಟ್ಟಿಕೊಳ್ಳುವ ಬ್ಯಾಟರಿ ದೀಪ. ಎರಡೂ ಕೈ ಬಿಡುವಾಗಿರುತ್ತವೆ, ರಾತ್ರಿ ಪರದೆಯೊಳಗೆ ಕುಳಿತು ಕಾಗದವನ್ನೂ ಓದಬಹುದು. ಮೂರನೆಯದು ಫೋನಿಗೆ ಜೀವ ತುಂಬುವ ಪವರ್ ಬ್ಯಾಂಕು. ಇದನ್ನು ವಿಮಾನದಲ್ಲಿ ಸಾಮಾನಿನ ಪೆಟ್ಟಿಗೆಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಅಪ್ಪಣೆಯಿಲ್ಲದೆ ಒಯ್ಯಬೇಕಾದರೆ 100 ವ್ಯಾಟ್ ಅವರ್ ದಾಟಬಾರದು. ಗಣಿತದ ಸರ್ ಕರಿಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದರು: 20,000 ಮಿಲಿ ಆಂಪಿಯರ್ ಅವರ್ ಎಂದರೆ 20 ಆಂಪಿಯರ್ ಅವರ್, ಅದನ್ನು 3.7 ವೋಲ್ಟಿನಿಂದ ಗುಣಿಸಿದರೆ 74. ನಡೆಯುತ್ತದೆ! ಆಮೇಲೆ ಹಲವು ದೇಶಗಳ ಪ್ಲಗ್ಗಿಗೆ ಹೊಂದುವ ಒಂದು ಅಡಾಪ್ಟರು, ಸೂಜಿ, ದಾರ, ಗುಂಡಿ, ಉಗುರು ಕತ್ತರಿ, ನೀರು ಹೋಗದ ಒಂದು ಚೀಲ. ಆ ಚೀಲ ಅವರ ಕಾಗದಪತ್ರಗಳಿಗೆ. ಹಳದಿ ಜ್ವರದ ಲಸಿಕೆಯ ಹಳದಿ ಪುಸ್ತಕವೂ ಅದರಲ್ಲಿರಬೇಕು. ಭಾರತಕ್ಕೆ ಮರಳಿ ಇಳಿಯುವಾಗ ಅದನ್ನು ಕೇಳುತ್ತಾರೆ.

ಉಳಿದದ್ದು 600 ಗ್ರಾಂ. ಅದು ಹೆಣ್ಣುಮಕ್ಕಳ ಪಾಲು ಎಂದು ನಾವು ಹಟ ಹಿಡಿದೆವು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ತಲಾ 200 ಗ್ರಾಂ. ಬೇಗ ಕಮಟು ಹಿಡಿಯುತ್ತದೆಂದು ಕೊಬ್ಬರಿ ಬೆರೆಸಲಿಲ್ಲ. ಅಂದಹಾಗೆ, ಮಕ್ಕಳನ್ನು ಪರದೇಶಕ್ಕೆ ಕಳಿಸುವ ತಾಯಂದಿರು ನೆನಪಿಡಿ, ಇಡೀ ಕೊಬ್ಬರಿ ಗಿಟಕನ್ನು ವಿಮಾನದಲ್ಲಿ ಒಯ್ಯಗೊಡುವುದಿಲ್ಲ. ಅದರ ಎಣ್ಣೆಯಿಂದ ಬೆಂಕಿಯ ಭಯ. ರೊಟ್ಟಿ ಮಾತ್ರ ಕಳಿಸಲಾಗಲಿಲ್ಲ, ಪುಡಿಯಾಗುತ್ತದೆ. ಆದರೆ ಅವರು ಹೋಗುತ್ತಿದ್ದುದು ಜೋಳದ ತವರಿಗೇ. ನಾವು ಬಡಿಯುವ ಜೋಳ ಮೊದಲು ಪಳಗಿದ್ದು ಈಶಾನ್ಯ ಆಫ್ರಿಕಾದಲ್ಲಿ. ಅಲ್ಲಿಯ ಹೆಂಗಸರೂ ಜೋಳದ ಹಿಟ್ಟನ್ನು ಹುಳಿ ಬರಿಸಿ, ಕಾವಲಿಯ ಮೇಲೆ ತೆಳ್ಳಗೆ ಹರಡಿ ‘ಕಿಸ್ರಾ’ ಮಾಡುತ್ತಾರೆ.

ಇಷ್ಟಾದ ಮೇಲೆ ನಾನೂ ನಮ್ಮ ಹಿಂದಿ ಟೀಚರೂ ಅವರ ಮನೆಗೆ ಹೋದೆವು. ಮಕ್ಕಳ ಶಾಲೆಗಾಗಿ ಅವರ ಹೆಂಡತಿ ನಮ್ಮೂರಿನಲ್ಲೇ ಉಳಿಯುವವರಿದ್ದರು. ಮಗಳು ಹತ್ತನೆಯ ತರಗತಿ, ಮಗ ಆರನೆಯದು. ಚಹಾ ಕೊಟ್ಟು, ಗಂಡ ಹೊರಗೆ ಹೋದದ್ದನ್ನು ನೋಡಿಕೊಂಡು ಆಕೆ ಕೇಳಿದಳು: “ಅಕ್ಕಾರ, ನೀವು ಓದಿದವ್ರು, ಖರೇ ಹೇಳ್ರಿ. ಬರೇ ಕಾವಲು ಕಾಯೂದು ಅಂತಾರ ಅವರು. ಅಲ್ಲೆ ಗುಂಡು ಹಾರತಾವೇನ್ರಿ?”

ಏನೂ ಇಲ್ಲವ್ವ ಎನ್ನಬಹುದಿತ್ತು. ಆದರೆ ಖರೇ ಹೇಳಿರೆಂದು ಕೇಳಿದವಳಿಗೆ ಸುಳ್ಳು ಕೊಟ್ಟು ಎದ್ದು ಬರಲು ಮನಸ್ಸಾಗಲಿಲ್ಲ. 2013ರ ಏಪ್ರಿಲಿನಲ್ಲಿ ಜೊಂಗ್ಲೇ ಪ್ರಾಂತದಲ್ಲಿ ವಾಹನಗಳ ಕಾವಲಿಗಿದ್ದ ನಮ್ಮ ಐವರು ಯೋಧರು ಸತ್ತದ್ದನ್ನು ಹೇಳಿದೆ. ಅದೇ ಡಿಸೆಂಬರಿನಲ್ಲಿ ಅಕೋಬೊ ಎಂಬಲ್ಲಿ, ತಮ್ಮ ಠಾಣೆಯಲ್ಲಿ ಆಶ್ರಯ ಪಡೆದ ಜನರಿದ್ದಾಗ ಇಬ್ಬರು ಸತ್ತದ್ದನ್ನೂ ಹೇಳಿದೆ. ವರ್ಷವರ್ಷವೂ ಪಲ್ಟನ್ನುಗಳು ಹೋಗಿ ಬರುತ್ತವೆ, ಹೋದವರಲ್ಲಿ ಬಹುತೇಕ ಎಲ್ಲರೂ ಸುರಕ್ಷಿತವಾಗಿ ಮರಳುತ್ತಾರೆ ಎಂಬುದೂ ಅಷ್ಟೇ ನಿಜವೆಂದು ತಿಳಿಸಿದೆ. ಆಕೆ ಸೆರಗಿನ ಚುಂಗು ಬೆರಳಿಗೆ ಸುತ್ತುತ್ತಾ ಕುಳಿತಿದ್ದಳು. ಅಳಲಿಲ್ಲ. “ಯಾರೂ ಹೇಳಿರಲಿಲ್ರಿ. ನಾ ಇದಕ್ಕಿಂತ ಭಾಳ ತಿಳಕೊಂಡಿದ್ದೆ” ಎಂದಳು.

ಬರುವ ದಾರಿಯಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ಮರುದಿನ ಸ್ಟಾಫ್ ರೂಮಿನಲ್ಲಿ ಹೇಳಿದೆ, ಉಳಿದ ವಂತಿಗೆಯಲ್ಲಿ ಶಾಲು ಬೇಡ, ಅದು ಮನೆಯಲ್ಲಿ ಉಳಿಯುವವಳಿಗೆ ಸಲ್ಲಲಿ. ಹೋಗುವವನಿಗೆ ಪಲ್ಟನ್ನಿದೆ, ಡಾಕ್ಟರಿದ್ದಾರೆ, ಅಡುಗೆಯವನಿದ್ದಾನೆ. ನಡುರಾತ್ರಿ ಮಗನಿಗೆ ಜ್ವರ ಬಂದರೆ ಇವಳಿಗೆ ಯಾರು? ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ನಾಲ್ವರ ಫೋನ್ ನಂಬರು ಬರೆದು ಅಡುಗೆಮನೆಯಲ್ಲಿ ತೂಗುಹಾಕಿದೆವು. ಆಸ್ಪತ್ರೆಗೆ ಒಬ್ಬರು, ಗ್ಯಾಸು ಕರೆಂಟಿಗೆ ಒಬ್ಬರು, ಬ್ಯಾಂಕಿಗೆ ಒಬ್ಬರು, ಸುಮ್ಮನೆ ಮಾತಾಡಬೇಕೆನಿಸಿದರೆ ನಾನು. ಮಗಳ ಗಣಿತವನ್ನು ಗಣಿತದ ಸರ್ ವಹಿಸಿಕೊಂಡರು. ಹಣದಲ್ಲಿ ಚಾರ್ಜು ಮಾಡುವ ಒಂದು ದೀಪ, ಒಂದು ಮೇಜಿನ ಗಡಿಯಾರ ಬಂದವು. ಗಡಿಯಾರಕ್ಕೆ ದಕ್ಷಿಣ ಸುಡಾನಿನ ಸಮಯ ಇಟ್ಟೆವು. ಆ ದೇಶ 2021ರ ಫೆಬ್ರುವರಿ 1ರಂದು ತನ್ನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಸರಿಸಿದ್ದರಿಂದ ಅಂತರ ಮೂರೂವರೆ ಗಂಟೆ. ನಮ್ಮ ರಾತ್ರಿ 9ಕ್ಕೆ ಅಲ್ಲಿ ಸಂಜೆ 5.30. ಫೋನು ಬರಲಿಲ್ಲವೆಂದು ಗಾಬರಿಯಾಗುವ ಮೊದಲು, ಅವರೀಗ ಕಾವಲಿಗಿದ್ದಾರೋ ಊಟಕ್ಕಿದ್ದಾರೋ ಎಂದು ಆಕೆ ಅದನ್ನು ನೋಡಬಹುದು.

ಹವಾಲ್ದಾರರು 2023ರಲ್ಲಿ ಮರಳಿದರು, ಸ್ವಲ್ಪ ಕಪ್ಪಾಗಿ, ಸ್ವಲ್ಪ ತೆಳ್ಳಗಾಗಿ. ಯಾವುದು ಹೆಚ್ಚು ಉಪಯೋಗವಾಯಿತು ಎಂದು ಕೇಳಿದೆವು. ಹಗ್ಗ ಎಂದರು! ಇಡೀ ಬ್ಯಾರಕ್ಕಿನವರ ಬಟ್ಟೆ ಅದರ ಮೇಲೆ ಒಣಗಿದವಂತೆ. ಹಿಂಡಿ ಒಂದೇ ವಾರಕ್ಕೆ ಮುಗಿಯಿತು. ರಾಜಸ್ಥಾನದ ಹುಡುಗನೊಬ್ಬ ಅಗಸಿಯ ಡಬ್ಬಿಯನ್ನು ಬೆರಳು ಹಾಕಿ ನೆಕ್ಕಿದನಂತೆ. ಆ ರಟ್ಟಿನ ನಂಬರುಗಳಿಗೆ ಹನ್ನೊಂದು ಸಲ ಫೋನು ಬಂದಿತ್ತು. ಅದರಲ್ಲಿ ಏಳು ನನಗೆ.

ಕಳೆದ ಬಾರಿ ಆಕೆ ಸಂತೆಯಲ್ಲಿ ಸಿಕ್ಕಿದಾಗ ಗಡಿಯಾರದ ಮಾತು ಬಂತು. ಅದು ಈಗ ಅವರ ಮನೆಯಲ್ಲಿಲ್ಲ. ಅದೇ ಓಣಿಯ ಇನ್ನೊಬ್ಬಳ ಗಂಡನಿಗೂ ಅದೇ ದೇಶಕ್ಕೆ ಆದೇಶ ಬಂದಾಗ, ಹೊಸ ಸೆಲ್ಲು ಹಾಕಿಸಿ ಅವಳಿಗೆ ಕೊಟ್ಟು ಬಂದಳಂತೆ. ಜೊತೆಗೆ ಒಂದು ರಟ್ಟು. ಈ ಸಲ ಅದರಲ್ಲಿ ಮೊದಲನೆಯ ನಂಬರು ಇವಳದೇ.