ಫೆಬ್ರುವರಿಯ ಕಾಯಿ, ಮೇ ತಿಂಗಳ ಪಟ್ಟಿ

ಒಂದು ಕಂಪ್ಯೂಟರಿನಲ್ಲಿ ಸಲೀಸಾಗಿ ಓಡಿದ ಮ್ಯಾಕ್ರೋ, ಅಂದರೆ ಎಕ್ಸೆಲ್ ಹಾಳೆಯ ಕೆಲಸವನ್ನು ತಾನೇ ಮಾಡುವ ಪುಟ್ಟ ಕೋಡು, ಇನ್ನೊಂದರಲ್ಲಿ ಎಡವಿದರೆ ನಮ್ಮ ಕಡೆ ಮೊದಲು ಬರುವ ಮಾತು: ‘ವೈರಸ್ ಹೊಕ್ಕೈತ್ರಿ, ಫಾರ್ಮ್ಯಾಟ್ ಹೊಡೀರಿ.’ ಆ ಅವಸರ ನನಗೆ ಸೇರುವುದಿಲ್ಲ. ಒಂದಕ್ಷರವೂ ಬದಲಾಗದ ಕೋಡು ಎರಡು ಕಡೆ ಎರಡು ಉತ್ತರ ಕೊಟ್ಟರೆ, ಬರೆದವರು ಹೇಳದೇ ಬಿಟ್ಟ ಮಾತೊಂದನ್ನು ಯಂತ್ರ ತನಗೆ ತಿಳಿದಂತೆ ತುಂಬಿಕೊಂಡಿದೆ ಎಂದರ್ಥ. ಆ ಮಾತನ್ನು ಹುಡುಕುತ್ತಾ ಇಡೀ ಸಂಜೆ ಕಳೆದರೂ ನನಗೆ ಬೇಸರವಿಲ್ಲ.

ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಸೋಮವಾರ ಮತ್ತು ಗುರುವಾರ. ಸುಗ್ಗಿಯ ದಿನಗಳಲ್ಲಿ ಡಬ್ಬಿ, ಕಡ್ಡಿ ತಳಿಗಳ ಕಾಯಿಯ ಚೀಲಗಳ ನಡುವೆ ಕಾಲಿಡಲು ಜಾಗ ಸಿಗದು. ಘಾಟಿಗೆ ಹೊಸಬರು ಸೀನುತ್ತಲೇ ಇರುತ್ತಾರೆ. ಅಲ್ಲಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗ ಕಾಗಿನೆಲೆಯವನು. ರೈತರಿಗೆ ಕೊಡುವ ಮಾರಾಟದ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತಾನೇ ತಯಾರಿಸುವಂತೆ ಮನೆಯ ಲ್ಯಾಪ್‌ಟಾಪಿನಲ್ಲಿ ಮ್ಯಾಕ್ರೋ ಬರೆದಿದ್ದ. ಚೆನ್ನಾಗಿಯೇ ಬರೆದಿದ್ದ. ಅಂಗಡಿಯ ಕಂಪ್ಯೂಟರಿಗೆ ಹಾಕಿದಾಗ ಮಾತ್ರ ಫೆಬ್ರುವರಿಯಲ್ಲಿ ಮಾರಿದ ಕಾಯಿಗೆ ಮೇ ತಿಂಗಳ ಪಟ್ಟಿ ಬಂತು. ‘ಮನ್ಯಾಗ ಸರಿ ಬರ್ತೈತ್ರಿ ಸರ, ಇಲ್ಲ್ಯಾಕ ಹಿಂಗ?’ ಎಂದು ನನ್ನನ್ನು ಕೇಳಿದ.

ತಾರೀಖು ‘05/02/2024’ ಎಂದು ಬರೀ ಅಕ್ಷರಗಳಾಗಿ ಬರುತ್ತಿತ್ತು. ಅದನ್ನು ತಾರೀಖಾಗಿಸುವ ‘ಸಿಡೇಟ್’ ಎಂಬ ಆದೇಶ ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್ ನೋಡಿ ನಡೆಯುತ್ತದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಭಾರತದ ಸೆಟ್ಟಿಂಗ್ ಇತ್ತು, ದಿನ ಮೊದಲು. ಅಂಗಡಿಯಲ್ಲಿ ಅಮೆರಿಕದ್ದು, ತಿಂಗಳು ಮೊದಲು. ಫೆಬ್ರುವರಿ 5 ಅಲ್ಲಿ ಮೇ 2 ಆಯಿತು. ಇಷ್ಟೇ ಆಗಿದ್ದರೆ ಬೇಗ ಸಿಕ್ಕಿಬೀಳುತ್ತಿತ್ತು. ಆದರೆ ‘15/02/2024’ ಬಂದಾಗ, ಹದಿನೈದನೆಯ ತಿಂಗಳು ಇಲ್ಲವಲ್ಲ, ಸಿಡೇಟ್ ಸದ್ದಿಲ್ಲದೆ ಅದನ್ನು ತಿರುಗಿಸಿ ಸರಿಯಾಗಿಯೇ ಓದುತ್ತದೆ. ಹೀಗಾಗಿ, ದಿನವೂ ತಿಂಗಳೂ ಒಂದೇ ಅಂಕಿಯಾದಾಗ ಬಿಟ್ಟರೆ, ತಿಂಗಳ ಮೊದಲ 12 ದಿನ ತಪ್ಪು, ಆಮೇಲೆ ಸರಿ. ಸರಿ ಬಂದ ದಿನ ‘ತಾನೇ ರಿಪೇರಿ ಆತು’ ಎಂದು ಎಲ್ಲರೂ ಸುಮ್ಮನಾಗಿದ್ದರು. ಇನ್ನೂ ಸೋಜಿಗವೆಂದರೆ 2024ರ ಫೆಬ್ರುವರಿ 5 ಸೋಮವಾರ, ಮೇ 2 ಗುರುವಾರ, ಎರಡೂ ಮಾರುಕಟ್ಟೆಯ ದಿನಗಳೇ! ವಾರ ನೋಡಿ ತಪ್ಪು ಹಿಡಿಯುವ ದಾರಿಯೂ ಅಲ್ಲಿ ಮುಚ್ಚಿತ್ತು.

ವಾರ ಎಂದಾಗ ನಮ್ಮ ಶಾಸನಗಳು ನೆನಪಾಗುತ್ತವೆ. ಹಾವೇರಿ ಸೀಮೆಯಲ್ಲಿ ಹಳೆಯ ಗುಡಿಗಳಿರುವ ಊರುಗಳಿಗೆ ಹೋದರೆ ಶಾಸನದ ಕಲ್ಲುಗಳಿಗೆ ಬರವಿಲ್ಲ. ದಾನದ ದಿನ ಹೇಳುವಾಗ ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ, ಕೆಲವೊಮ್ಮೆ ಸಂಕ್ರಮಣವೋ ಗ್ರಹಣವೋ, ಎಲ್ಲವನ್ನೂ ಹೇಳುವ ಕಲ್ಲುಗಳು ಎಷ್ಟೋ ಇವೆ. ಒಂದಂಶ ತಪ್ಪಿದ್ದರೂ ಉಳಿದವು ಅದನ್ನು ತೋರಿಸಿಕೊಡುತ್ತವೆ. ಇತಿಹಾಸಕಾರರು ಇಂದಿಗೂ ತಿಥಿ ವಾರಗಳನ್ನು ತಾಳೆ ಹಾಕಿಯೇ ಕಾಲ ನಿರ್ಣಯಿಸುತ್ತಾರೆ. ಯಾವ ಊರಿನ ಯಾರು ಓದಿದರೂ ಒಂದೇ ದಿನ ಹೊರಡಬೇಕೆಂಬ ಆ ಕಾಳಜಿ ನನಗೆ ಬಹಳ ಹಿಡಿಸುತ್ತದೆ.

ಹುಡುಗನ ಮ್ಯಾಕ್ರೋದಲ್ಲಿ ಇನ್ನೊಂದು ತೊಡಕಿತ್ತು. ಕೋಡಿನೊಳಗೆ ಕನ್ನಡದಲ್ಲಿ ಬರೆಯಹೋದ ಊರ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿದ್ದವು. ಎಕ್ಸೆಲ್‌ನ ಹಾಳೆ ಯೂನಿಕೋಡ್ ಬಲ್ಲದು. ಮ್ಯಾಕ್ರೋ ಬರೆಯಲು ಅದರ ಬೆನ್ನಿಗಿರುವ ವಿಬಿಎ ಸಂಪಾದಕ ಮಾತ್ರ ಹಳೆಯ ಕೋಡ್‌ಪೇಜ್‌ಗಳ ಕಾಲದ್ದು, ಅದು ಬಳಸಬಲ್ಲ ಕನ್ನಡದ ಪೇಜೇ ವಿಂಡೋಸ್‌ನಲ್ಲಿ ಇರಲಿಲ್ಲ. ನಮ್ಮ ಲಿಪಿಯನ್ನು ಇಷ್ಟು ವರ್ಷವಾದರೂ ಅಲ್ಲಿಗೆ ಬಿಟ್ಟುಕೊಳ್ಳದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಹೆಸರುಗಳನ್ನೆಲ್ಲ ಹಾಳೆಯೊಂದರಲ್ಲಿ ಬರೆದಿಟ್ಟು, ಕೋಡು ಅಲ್ಲಿಂದ ಎತ್ತಿಕೊಳ್ಳುವಂತೆ ಮಾಡಿದೆವು. ಕಾಗಿನೆಲೆ, ಮೋಟೆಬೆನ್ನೂರು, ಕದರಮಂಡಲಗಿ ಸರಿಯಾಗಿ ಮೂಡಿದವು.

ತಾರೀಖಿನ ವಿಷಯಕ್ಕೆ ಅಂಗಡಿಯ ಯಜಮಾನರು, ‘ಸೆಟ್ಟಿಂಗ್ ಬದಲಿ ಮಾಡಿಬಿಡ್ರಲ್ಲ’ ಎಂದರು. ಮಾಡಬಹುದಿತ್ತು, ಆ ಒಂದು ಯಂತ್ರಕ್ಕೆ. ನಾಳೆ ರಾಣೆಬೆನ್ನೂರಿನಿಂದ ಹೊಸದು ತಂದರೆ ಮತ್ತದೇ ಹಾಡು. ಸಿಡೇಟ್ ತೆಗೆದು, ವರ್ಷ, ತಿಂಗಳು, ದಿನಗಳನ್ನು ಬೇರೆಬೇರೆಯಾಗಿ ಬಿಡಿಸಿ ‘ಡೇಟ್‌ಸೀರಿಯಲ್’ ಎಂಬ ಆದೇಶಕ್ಕೆ ಕೊಡಲು ಹುಡುಗನಿಗೆ ಹೇಳಿದೆ. ಪಟ್ಟಿಯಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಅಚ್ಚಾಗಿಸಿ, ಪಕ್ಕದಲ್ಲಿ ವಾರವನ್ನೂ ಸೇರಿಸಿದ. ತಪ್ಪಾಗಿ ಹೋಗಿದ್ದ ಪಟ್ಟಿಗಳನ್ನು ತೂಕದ ಚೀಟಿಗಳ ಜೊತೆ ಒಂದೊಂದಾಗಿ ತಾಳೆ ನೋಡಿ ತಿದ್ದುವ ಕೆಲಸ ಬಾಕಿಯಿತ್ತು. ಯಜಮಾನರೇ ಚೀಟಿಗಳ ಕಟ್ಟು ಬಿಚ್ಚಿ ಕೂತರು.