ಬೆವರದ ತುಂಗಾ

ಸ್ಪರ್ಧೆಗೆ ಎಷ್ಟೋ ವಾರ ಮೊದಲೇ, ಕೊಚ್ಚಿಯ ಲಾಯದಲ್ಲೇ, ನನ್ನ ಈವೆಂಟಿಂಗ್ ಸೀಸನ್ ಕೈಬಿಟ್ಟುಹೋಗಿತ್ತು. ಅದು ನನಗೆ ತಿಳಿದದ್ದು ಮಾತ್ರ ಬೆಂಗಳೂರಿನ ಕ್ರಾಸ್‌ಕಂಟ್ರಿ ಹಾದಿಯ ನಡುವೆ.

ಈವೆಂಟಿಂಗ್ ಅಂದರೆ ಒಂದೇ ಕುದುರೆ, ಒಬ್ಬರೇ ಸವಾರರು, ಮೂರು ಪರೀಕ್ಷೆ. ಡ್ರೆಸಾಜ್‌ನಲ್ಲಿ ಶಿಸ್ತು, ಕ್ರಾಸ್‌ಕಂಟ್ರಿಯಲ್ಲಿ ಧೈರ್ಯ ಮತ್ತು ದಮ್ಮು, ಶೋ ಜಂಪಿಂಗ್‌ನಲ್ಲಿ ಎಚ್ಚರ. ಕ್ರಾಸ್‌ಕಂಟ್ರಿಯಲ್ಲಿ ಕುದುರೆ ಒಮ್ಮೆ ತಡೆಯೆದುರು ನಿಂತರೆ 20 ದಂಡಾಂಕ. ನಿಗದಿತ ಸಮಯ ಮೀರಿದ ಪ್ರತಿ ಸೆಕೆಂಡಿಗೆ 0.4. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದು, ಮುಂದೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದದ್ದು ಇದೇ ಆಟದಲ್ಲಿ. ಅವರನ್ನು ನೋಡಿಯೇ ನನ್ನಂಥ ಹವ್ಯಾಸಿಗಳಿಗೂ ಆಸೆ ಚಿಗುರಿದ್ದು.

ತುಂಗಾ ರೇಸ್ ಬಿಟ್ಟ ಥರೋಬ್ರೆಡ್ ಹೆಣ್ಣು ಕುದುರೆ. 900 ಮೀಟರ್ ಎತ್ತರದ ಬೆಂಗಳೂರಿನ ಹವೆಗೆ ಒಗ್ಗಿದವಳು. ನನ್ನ ಕೆಲಸ ಕೊಚ್ಚಿಯ ಕಾಕ್ಕನಾಡಿಗೆ ಬಂದಾಗ ಅವಳನ್ನೂ ಜೊತೆಗೆ ತಂದೆ. ಸಮುದ್ರಮಟ್ಟದ ಜಿಗುಟು ಸೆಕೆಯಲ್ಲೂ ಹಳೆಯ ವೇಳಾಪಟ್ಟಿಯಂತೆಯೇ ಕ್ಯಾಂಟರ್ ಮಾಡಿಸಿದೆ.

ಒಂದು ಸಂಜೆ ಸವಾರಿ ಮುಗಿದ ಮೇಲೆ ಲಾಯದ ಹುಡುಗ ಜೀನು ಇಳಿಸಿ, ಅದರಡಿಯ ಬಟ್ಟೆಯನ್ನು ನನ್ನ ಕೈಗಿತ್ತ. "ಚೇಚಿ, ಮುಟ್ಟಿ ನೋಡಿ. ಒಣಗಿಯೇ ಇದೆ." ತುಂಗಾಳ ಕತ್ತು, ಎದೆ, ತೊಡೆಸಂದಿ ಎಲ್ಲೂ ತೇವವಿಲ್ಲ. ಮೂಗಿನ ಹೊಳ್ಳೆಗಳು ಅರಳಿದ್ದವು, ಪಕ್ಕೆಗಳು ತಿದಿಯಂತೆ ಏರಿಳಿಯುತ್ತಿದ್ದವು. ಅವಳಿಗೆ ದಮ್ಮು ಕೂಡಿಬರುತ್ತಿದೆ, ಅದಕ್ಕೇ ಬೆವರಿಲ್ಲ ಎಂದುಕೊಂಡೆ. ಹುಡುಗನ ಮಾತಿಗೆ ತಲೆಯಾಡಿಸಿ ಮನೆಗೆ ಹೋದೆ.

ಹೀಗೆ ಬೆವರು ನಿಲ್ಲುವುದಕ್ಕೆ ಅನ್‌ಹೈಡ್ರೋಸಿಸ್ ಎನ್ನುತ್ತಾರೆ. ಬೆವರುಗ್ರಂಥಿಗಳು ಕೆಲಸ ನಿಲ್ಲಿಸುವ ಕಾಯಿಲೆ. ಬ್ರಿಟಿಷರು ತಮ್ಮ ಕುದುರೆಗಳನ್ನು ಸೆಕೆಯ ವಸಾಹತುಗಳಿಗೆ ತಂದ ಕಾಲದಿಂದಲೂ ಪಶುವೈದ್ಯರಿಗೆ ಇದು ಗೊತ್ತು. ಬಿಸಿಲಲ್ಲಿ ಜೋರಾಗಿ ದುಡಿಯುವ ಕುದುರೆ ಗಂಟೆಗೆ 10 ಲೀಟರಿಗೂ ಹೆಚ್ಚು ಬೆವರು ಸುರಿಸಬಲ್ಲದು. ಮೈಯ ಕಾವು ಹೊರಹೋಗಲು ಅದೇ ಮುಖ್ಯ ದಾರಿ. ಆ ದಾರಿ ಮುಚ್ಚಿದರೆ ಕಾವು ಒಳಗೇ ಉಳಿಯುತ್ತದೆ. ಖಚಿತ ಔಷಧವಿಲ್ಲ. ಕೆಲಸ ತಗ್ಗಿಸಬೇಕು, ನೆರಳು, ಫ್ಯಾನು, ನೀರು ಕೊಡಬೇಕು; ಎಲ್ಲಕ್ಕಿಂತ ಮಿಗಿಲಾಗಿ ತಂಪು ಊರಿಗೆ ಕಳಿಸಬೇಕು.

ನಾನು ಅವಳನ್ನು ತಂಪು ಊರಿಗೇನೋ ಕರೆದೊಯ್ದೆ, ಆದರೆ ಸ್ಪರ್ಧೆಗೆ. ಡ್ರೆಸಾಜ್ ಚೆನ್ನಾಗಿಯೇ ಆಯಿತು. ಕ್ರಾಸ್‌ಕಂಟ್ರಿಯಲ್ಲಿ ಅರ್ಧ ದಾರಿ ಕಳೆದಿತ್ತು. ಸುಲಭದ ದಿಮ್ಮಿಯೊಂದರ ಮುಂದೆ ತುಂಗಾ ನಿಂತಳು. ಹಿಮ್ಮಡಿ ಒತ್ತಿ ಮತ್ತೆ ತಿರುಗಿಸಿ ತಂದೆ. ಮತ್ತೆ ನಿಂತಳು. ಅವಳ ಕಾಲು ನಡುಗುವುದು ಜೀನಿನವರೆಗೂ ತಾಗಿದಾಗಲಷ್ಟೇ ಕೆಳಗಿಳಿದೆ. ಪಶುವೈದ್ಯರ ಥರ್ಮಾಮೀಟರ್ 41 ಡಿಗ್ರಿ ದಾಟಿತ್ತು. ಇರಬೇಕಾದದ್ದು 38ರ ಆಸುಪಾಸು. ಬಕೆಟ್‌ಗಟ್ಟಲೆ ತಣ್ಣೀರು ಸುರಿದೆವು. ಕಾದ ಕುದುರೆಗೆ ತಣ್ಣೀರು ಹಾಕಿದರೆ ಸ್ನಾಯು ಹಿಡಿದುಕೊಳ್ಳುತ್ತದೆಂಬ ಹಳೆಯ ನಂಬಿಕೆ ಸುಳ್ಳೆಂದು 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗಾಗಿ ನಡೆದ ಅಧ್ಯಯನಗಳು ತೋರಿಸಿಕೊಟ್ಟಿದ್ದವು. ಆ ತಿಳಿವಳಿಕೆಯೇ ತುಂಗಾಳನ್ನು ಉಳಿಸಿತು.

ಆಮೇಲೆ ತಿರುವನಂತಪುರದಲ್ಲಿ ಅಶ್ವಾರೂಢ ಪೊಲೀಸ್ ದಳದಲ್ಲಿದ್ದ ನಿವೃತ್ತ ಸವಾರರೊಬ್ಬರನ್ನು ಕಂಡೆ. ಕರಾವಳಿಯ ಸೆಕೆಯಲ್ಲೇ ಆಯುಷ್ಯವಿಡೀ ಕುದುರೆ ನೋಡಿಕೊಂಡವರು. ಎಲ್ಲ ಕೇಳಿದ ಮೇಲೆ ಒಂದೇ ಪ್ರಶ್ನೆ ಕೇಳಿದರು: "ಮೋಳೇ, ಸವಾರಿ ಮುಗಿದ ಮೇಲೆ ಅವಳ ಉಸಿರು ಇಳಿಯೋಕೆ ಎಷ್ಟು ಹೊತ್ತು ಬೇಕು?" ಡ್ರೆಸಾಜ್ ಅಂಕಗಳನ್ನು ದಶಾಂಶದವರೆಗೂ ಒಪ್ಪಿಸಬಲ್ಲ ನನ್ನ ಬಳಿ ಇದಕ್ಕೆ ಉತ್ತರವಿರಲಿಲ್ಲ.

ಉಳಿದ ಸ್ಪರ್ಧೆಗಳಿಂದ ಹೆಸರು ಹಿಂತೆಗೆದುಕೊಂಡೆ. ತುಂಗಾ ಬೆಂಗಳೂರಿನಲ್ಲೇ ಉಳಿದಿದ್ದಾಳೆ. ಅವಳ ಕಿವಿಯ ಬುಡದಲ್ಲಿ ಮತ್ತೆ ಬೆವರು ಒಸರುತ್ತಿದೆ.

ಮಂಗಳೂರು, ಉಡುಪಿ, ಕಾರವಾರದ ಕಡೆ ಕುದುರೆ ಕಟ್ಟಿಕೊಂಡಿರುವವರಿಗೆ ನನ್ನದೊಂದು ಕೋರಿಕೆ. ಮೊದಲು ಒಂದು ಥರ್ಮಾಮೀಟರ್ ಕೊಳ್ಳಿ. ಸುಮ್ಮನೆ ನಿಂತ ಕುದುರೆಯ ಉಸಿರು ನಿಮಿಷಕ್ಕೆ 8ರಿಂದ 16. ದುಡಿದ ಮೇಲೆ ಅದು ಅಲ್ಲಿಗೆ ಮರಳಲು ತೆಗೆದುಕೊಳ್ಳುವ ಹೊತ್ತನ್ನು ದಿನವೂ ಬರೆದಿಡಿ. ಜೀನಿನಡಿಯ ಬಟ್ಟೆ ಮುಟ್ಟಿ ನೋಡಿ. ಲಾಯದವರು ಏನಾದರೂ ಹೇಳಿದರೆ ನಿಂತು ಕೇಳಿ. ಸ್ಪರ್ಧೆ ಬಿಟ್ಟುಕೊಡುವುದೂ ಸವಾರಿಯ ವಿದ್ಯೆಯೇ, ಮತ್ತು ಅದನ್ನು ಕುದುರೆ ಕುಸಿಯುವ ಮುಂಚೆಯೇ ಕಲಿಯಬೇಕು.